ಸಹಿ ಹಾಕುವ ಮೊದಲು ಓದಿದ್ದು

ಅವನು ಕಟ್ಟಡಗಳಿಗೆ ಬಣ್ಣ ಹೊಡೆಯುವವನು, ಅವಳು ಮನೆಯಲ್ಲೇ ಕೂತು ಕಿಟಕಿ ಪರದೆ ಹೊಲಿಯುವವಳು. ಮದುವೆಯಾಗಿ ಇಪ್ಪತ್ತಾರು ವರ್ಷ, ಮಕ್ಕಳಿರಲಿಲ್ಲ. ಕೆಲಸಕ್ಕೆ ಹೊರಡುವ ಮುನ್ನ ಅವನು ದಿನಾ ಬೈಬಲಿನಿಂದ ಒಂದು ಅಧ್ಯಾಯ ಗಟ್ಟಿಯಾಗಿ ಓದುತ್ತಿದ್ದ. ಬಾಯಿಗೆ ಬಾರದ ಹೆಸರು ಸಿಕ್ಕರೆ ಸುಮ್ಮನೆ ಕೆಮ್ಮಿ ದಾಟಿಸಿಬಿಡುತ್ತಿದ್ದ. ಅವಳು ಮೆಷಿನ್ ನಿಲ್ಲಿಸಿ ಕೇಳುತ್ತಿದ್ದಳು, ಕೆಮ್ಮಿದಾಗ ನಗುತ್ತಿದ್ದಳು.

ಅವನಿಗೆ ಸಕ್ಕರೆ ಕಾಯಿಲೆ ಇತ್ತು. ಒಂದು ದಿನ ಕೆಲಸದ ಜಾಗದಲ್ಲಿ ಕಾಲಿಗೆ ಮೊಳೆ ಚುಚ್ಚಿತು. ಎರಡು ವಾರ ಯಾರಿಗೂ ಹೇಳದೆ ಮುಚ್ಚಿಟ್ಟ. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಪಾದ ಕಪ್ಪಾಗಿತ್ತು.

"ಕಾಲು ತೆಗೆಯೋ ಮಾತು ಬಂದ್ರೆ ಒಪ್ಕೋಬೇಡ" ಎಂದಿದ್ದ, ಜ್ವರ ಏರುವ ಮೊದಲು. "ಏಣಿ ಹತ್ತೋಕಾಗದೆ ನಾನಿದ್ದು ಏನು ಮಾಡ್ಲಿ?"

ಮೂರನೇ ದಿನ ಅವನಿಗೆ ಪ್ರಜ್ಞೆ ತಪ್ಪಿತು. ಡಾಕ್ಟರು ಕಾಗದ ತಂದರು. "ಮೊಣಕಾಲಿನ ಕೆಳಗೆ ತೆಗೀಬೇಕಮ್ಮ. ಸಂಜೆಯೊಳಗೆ ಹೇಳಿ. ಆಮೇಲೆ ನೀವು ಒಪ್ಪಿದ್ರೂ ನಮ್ಮ ಕೈಲಿರಲ್ಲ."

ಹೊರಗಿನ ಬೆಂಚಿನ ಮೇಲೆ ನಾದಿನಿ ಪುಸ್ತಕವನ್ನು ಅವಳ ಮಡಿಲಲ್ಲಿಟ್ಟಳು. "ಕಣ್ಣು ಮುಚ್ಕೊಂಡು ತೆಗೀರಿ ಅತ್ತಿಗೆ. ಬೆರಳಿಟ್ಟ ಕಡೆ ದೇವರು ಹೇಳ್ತಾನೆ."

ಅವಳು ತೆಗೆದು ಓದಿದಳು.

"ಏನು ಬಂತು?"

"ಗುಡಾರದ ಪರದೆ. ಉದ್ದ ಇಷ್ಟು, ಅಗಲ ಇಷ್ಟು, ಅಂಚಿಗೆ ಐವತ್ತು ಕುಣಿಕೆ." ಅವಳಿಗೆ ನಗು ಬರುವಂತಾಯಿತು, ಬಂದದ್ದು ಅಳು. "ನಾನು ಕಾಲಿನ ವಿಷಯ ಕೇಳಿದ್ರೆ ದೇವರು ಹೊಲಿಗೆ ಆರ್ಡರ್ ಕೊಡ್ತಿದ್ದಾನೆ."

"ಇನ್ನೊಂದ್ಸಲ ನೋಡಿ."

"ಬೇಡ. ಚೀಟಿ ಎತ್ತಿದ ಹಾಗೆ ಎತ್ತೋದು ಬೇಡ." ಮೂರು ದಿನದ ಹಿಂದೆ ಗಂಡನ ಓದು ನಿಂತಿದ್ದ ಜಾಗವನ್ನು ಹುಡುಕಿ, ಅಲ್ಲಿಂದಲೇ ಓದತೊಡಗಿದಳು.

ಅಣ್ಣನಿಗೆ ಮೋಸ ಮಾಡಿ ಓಡಿಹೋದವನೊಬ್ಬ ಮರಳಿ ಬರುವಾಗ ಹೊಳೆ ದಡದಲ್ಲಿ ಬೆಳಗಾಗುವ ತನಕ ದೇವರೊಡನೆ ಸೆಣಸಿದ ಕಥೆ. ಕೊನೆಗೆ ಅವನಿಗೆ ಆಶೀರ್ವಾದ ಸಿಕ್ಕಿತು. ತೊಡೆಯ ಕೀಲೂ ತಪ್ಪಿತ್ತು. ದೇವರು ಅದನ್ನು ಸರಿಮಾಡಿ ಕಳಿಸಲಿಲ್ಲ. ಕುಂಟುತ್ತಲೇ ಅವನು ತನ್ನವರ ಬಳಿಗೆ ಹೋದ.

ಸಹಿ ಹಾಕು ಎಂದು ಅಲ್ಲೆಲ್ಲೂ ಬರೆದಿರಲಿಲ್ಲ. ಆದರೆ 'ತನ್ನವರ ಬಳಿಗೆ' ಎಂಬಲ್ಲಿ ಅವಳ ಕಣ್ಣು ನಿಂತುಬಿಟ್ಟಿತು. ಕುಂಟುತ್ತಾದರೂ ಬರಲಿ ಎನಿಸಿತು. ಎದ್ದು ಹೋಗಿ ಸಹಿ ಹಾಕಿದಳು.

ಎಚ್ಚರವಾದ ಮೇಲೆ ಅವನು ಹೊದಿಕೆಯ ತಗ್ಗಿದ ಭಾಗವನ್ನೇ ಬಹಳ ಹೊತ್ತು ನೋಡಿದ.

"ನಾನು ಹೇಳಿರ್ಲಿಲ್ವಾ?"

"ಹೇಳಿದ್ರಿ."

"ನಿನಗೋಸ್ಕರ ಮಾಡ್ಕೊಂಡೆ ನೀನು."

"ಹೌದು ರೀ" ಎಂದಳು. ಸುಳ್ಳು ಹೇಳಲು ಅವಳಿಗೆ ಆಗಲಿಲ್ಲ.

ಮನೆಗೆ ಬಂದ ಮೇಲೆ ಅವನು ಪುಸ್ತಕ ಮುಟ್ಟಲಿಲ್ಲ. ಅವಳೇ ಓದುತ್ತಿದ್ದಳು, ಅವನು ಗೋಡೆ ಕಡೆ ಹೊರಳಿ ಮಲಗುತ್ತಿದ್ದ. ಹೀಗೇ ಆರು ತಿಂಗಳು. ಒಂದು ಬೆಳಿಗ್ಗೆ ಎದ್ದು ಕೂತು ಕೈ ಚಾಚಿದ. ಕೊಟ್ಟಳು. ಓದಿದ, ಸ್ವರ ಸಣ್ಣದಾಗಿತ್ತು. ಕಾಲಿನ ಮಾತು ಅವನೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ. ಹೀಗೆ ಮೂರು ತಿಂಗಳು ನಡೆಯಿತು. ಆಮೇಲೊಂದು ಮಧ್ಯಾಹ್ನ, ಊಟ ಮಾಡಿ ಒರಗಿದ್ದಾಗಲೇ, ಅವನ ಹೃದಯ ನಿಂತುಹೋಯಿತು.

ಮಣ್ಣು ಮಾಡಿ ಬಂದ ವಾರದಲ್ಲಿ ನಾದಿನಿ ಹೇಳಿದಳು, "ಭಾನುವಾರ ಚರ್ಚಲ್ಲಿ ಎಲ್ಲರ ಮುಂದೆ ಸಾಕ್ಷಿ ಹೇಳಿ ಅತ್ತಿಗೆ. ವಾಕ್ಯದ ಮೂಲಕ ದೇವರು ದಾರಿ ತೋರಿಸಿದ್ದನ್ನ."

"ಒಂದು ಅಧ್ಯಾಯ ಓದಿದೆ, ಆಮೇಲೆ ಸಹಿ ಹಾಕಿದೆ. ಅಷ್ಟೇ ನನಗೆ ಗೊತ್ತಿರೋದು. ಸರಿ ಮಾಡಿದೆ ಅಂತ ಅವರು ಒಂದ್ಸಲಾನೂ ಹೇಳ್ಲಿಲ್ಲ."

"ಒಂಬತ್ತು ತಿಂಗಳು ಸಿಕ್ತಲ್ಲ?"

"ಸಿಕ್ತು" ಎಂದಳು. ಅದರಲ್ಲಿ ಆರು ತಿಂಗಳು ಅವನ ಬೆನ್ನನ್ನಷ್ಟೇ ನೋಡಿದ್ದಳು. ಅದೂ ಬೇಕಾಗಿತ್ತು ಎಂದು ಯಾರಿಗೆ ಹೇಳುವುದು?

ಮರುದಿನ ಒಬ್ಬಳೇ ಓದಲು ಕೂತಳು. ಅರ್ಧಕ್ಕೇ ನಿಲ್ಲಿಸಿ ಪುಸ್ತಕ ಮುಚ್ಚಿಟ್ಟಳು. ಉಳಿದರ್ಧವನ್ನು ಅದರ ಮರುದಿನ ಓದಿದಳು.