ಅಳತೆ ಹೇಳು, ಹೆಸರು ಬೇಡ

ಹದಿನಾಲ್ಕು ತಿಂಗಳ ಮೇಲೆ ಚರ್ಚಿನ ಬಾಗಿಲು ತೆರೆಯುತ್ತದೆ ಎಂದು ಗೊತ್ತಾದಾಗ ಊರಿನವರು ಒಬ್ಬೊಬ್ಬರು ಒಂದೊಂದು ಕಾರಣಕ್ಕೆ ಖುಷಿಪಟ್ಟರು. ಹಾಡುವವರಿಗೆ ಹಾಡುವ ಆಸೆ, ಚಾಡಿಕೋರರಿಗೆ ಪೂಜೆ ಮುಗಿದ ಮೇಲಿನ ಅಂಗಳದ ಆಸೆ. ಬಡಗಿಗೆ ಮಾತ್ರ ಬೇಕಾಗಿದ್ದದ್ದು ಒಂದೇ. ಅವನಿಗೆ ಅಣ್ಣನ ಕೈ ಬೇಕಿತ್ತು.

ಅಣ್ಣತಮ್ಮಂದಿರು ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಜಗಳ ಹುಟ್ಟಿದ್ದು ಒಂದು ಬಾಗಿಲಿನಿಂದ. ಶಾಲೆಯಲ್ಲಿ ಮೇಷ್ಟ್ರಾಗಿದ್ದ ಅಣ್ಣ ಮನೆ ಕಟ್ಟಿಸಿದಾಗ ಮುಂಬಾಗಿಲು ಮಾಡಿಕೊಟ್ಟವನು ಇವನೇ. ಬಂದ ನೆಂಟರ ಮುಂದೆ ಅಣ್ಣ, "ನಮ್ಮ ತಮ್ಮ ಮಾಡಿದ ಬಾಗಿಲು. ಹಾಕೋಕೆ ಇಬ್ಬರು ಬೇಕು, ತೆಗೆಯೋಕೆ ಮೂವರು" ಅಂದ. ಎಲ್ಲರೂ ನಕ್ಕರು. ತಮ್ಮ ಒಂದಕ್ಕೆ ನಾಲ್ಕು ಸೇರಿಸಿ ತಿರುಗಿ ಹೇಳಿದ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುತ್ತಾರೆ. ಇವರಿಗೆ ದಾಯಾದಿಗಳಾಗಲು ಆಸ್ತಿಯೂ ಬೇಕಾಗಲಿಲ್ಲ, ಒಂದು ಬಾಗಿಲು ಸಾಕಾಯಿತು.

ಆದರೆ ಅತ್ತಿಗೆ ಇದ್ದಳಲ್ಲ. ಅವಳು ಮದುವೆಯಾಗಿ ಆ ಮನೆಗೆ ಬಂದಾಗ ಬಡಗಿಗೆ ಎಂಟು ವರ್ಷ, ತಾಯಿ ಇಲ್ಲದ ಮಗು. ಅತ್ತಿಗೆ ತಾಯಿಗೆ ಸಮಾನ ಎಂದು ಜನ ಬಾಯಿಮಾತಿಗೆ ಹೇಳುತ್ತಾರೆ. ಇವನಿಗೆ ತಲೆಗೆ ಎಣ್ಣೆ ಹಚ್ಚಿದವಳು, ಜ್ವರ ಬಂದಾಗ ಪಕ್ಕದಲ್ಲಿ ಕೂತವಳು, ಅಪ್ಪನ ಬೆಲ್ಟಿಗೆ ಅಡ್ಡ ನಿಂತವಳು ನಿಜವಾಗಿಯೂ ಅವಳೇ. ಜಗಳವಾದ ವಾರವೇ ಅವಳು ಇಬ್ಬರಿಗೂ ಕೇಳುವಂತೆ ಹೇಳಿದ್ದಳು. "ಮನೇಲಿ ಮುಖ ಊದಿಸ್ಕೊಂಡು ಕೂತ್ಕೊಳ್ಳಿ, ನಂಗೇನು. ದೇವರ ಮುಂದೆ ಮಾತ್ರ ಬೆಂಚು ಒಂದೇ."

ಹಾಗಾಗಿ ಪ್ರತಿ ಭಾನುವಾರ ಎಡಗಡೆಯ ನಾಲ್ಕನೇ ಬೆಂಚಿನಲ್ಲಿ ಅಣ್ಣ ಒಂದು ತುದಿ, ತಮ್ಮ ಇನ್ನೊಂದು ತುದಿ, ನಡುವೆ ಅತ್ತಿಗೆ. ಪೂಜೆಯ ಕೊನೆಯ ಭಾಗದಲ್ಲಿ ಫಾದರ್ "ಒಬ್ಬರಿಗೊಬ್ಬರು ಶಾಂತಿ ಹಂಚಿಕೊಳ್ಳಿ" ಎಂದಾಗ ಜನ ಅಕ್ಕಪಕ್ಕದವರ ಕೈ ಕುಲುಕುತ್ತಾರೆ. ಆಗ ಇವರಿಬ್ಬರ ಕೈಗಳೂ ಅತ್ತಿಗೆಯ ಮುಂದೆ ಹಾದು ಕೂಡುತ್ತಿದ್ದವು. ಮುಖ ನೋಡುತ್ತಿರಲಿಲ್ಲ. ಒಂದು ಹಿಡಿತ, ಅಷ್ಟೇ. ಒಮ್ಮೆ ಅಣ್ಣ ಕೈ ಚಾಚದೆ ಕಂಬದ ಹಾಗೆ ನಿಂತಾಗ ಅತ್ತಿಗೆ ಅವನ ತೋಳು ಚಿವುಟಿದ್ದು ಹಿಂದಿನ ಬೆಂಚಿನವರಿಗೂ ಕಂಡಿತ್ತು. ವರ್ಷಕ್ಕೆ ಐವತ್ತೆರಡು ಸಲ, ಹತ್ತು ವರ್ಷ. ಅವರು ಇನ್ನೂ ಅಣ್ಣತಮ್ಮಂದಿರಾಗಿ ಉಳಿದಿದ್ದರೆ ಅದು ಆ ಹಿಡಿತದಿಂದ.

ಆಮೇಲೆ ಲಾಕ್‌ಡೌನ್ ಬಂತು. ಊರಿನ ಎಲ್ಲ ಕೆಲಸ ನಿಂತರೂ ಬಡಗಿಯ ಕೆಲಸ ನಿಲ್ಲಲಿಲ್ಲ, ಶವಪೆಟ್ಟಿಗೆಗೆ ರಜೆ ಎಲ್ಲಿ? ಚರ್ಚಿನ ಗಂಟೆ ಹೊಡೆಯುವ ಮುದುಕನನ್ನು ಊರೆಲ್ಲ ಗಂಟೆಮಾಮ ಎನ್ನುತ್ತಿತ್ತು. ಯಾರಾದರೂ ಹೋದರೆ ಫೋನ್ ಮಾಡಿ ಪೆಟ್ಟಿಗೆ ಹೇಳುವವನು ಅವನೇ. ಮೊದಲನೆಯದು ಹಾಲಿನವನ ತಾಯಿಗೆ. ಎರಡನೆಯದು ಬಡಗಿಯ ಜೊತೆ ಶಾಲೆಗೆ ಹೋಗಿದ್ದ ದರ್ಜಿಗೆ. ದರ್ಜಿಯ ಪೆಟ್ಟಿಗೆಗೆ ಮೊಳೆ ಹೊಡೆಯುವಾಗ ಕಣ್ಣು ಮಂಜಾಗಿ ಸುತ್ತಿಗೆ ಹೆಬ್ಬೆರಳ ಮೇಲೆ ಬಿತ್ತು. ಅವತ್ತೇ ಅವನು ಗಂಟೆಮಾಮನಿಗೆ ಹೇಳಿದ.

"ಇನ್ಮೇಲೆ ಅಳತೆ ಹೇಳು ಮಾಮ, ಹೆಸರು ಬೇಡ."

"ಯಾಕಪ್ಪಾ?"

"ಹೆಸರು ಕೇಳಿದ್ರೆ ಕೈ ನಡುಗುತ್ತೆ. ಅಳತೆಗೆ ನಡುಗಲ್ಲ."

ಅದು ನಿಜವಾಯಿತು. ಅಲ್ಲಿಂದ ಮುಂದೆ ಆರಡಿ, ಐದೂವರೆ, ನಾಲ್ಕು ಮುಕ್ಕಾಲು ಎಂಬ ಲೆಕ್ಕ ಮಾತ್ರ ಬರುತ್ತಿತ್ತು. ಕೊಯ್ಯುವುದು, ಜೋಡಿಸುವುದು, ಕಳಿಸುವುದು. ಮನಸ್ಸು ಮರಗಟ್ಟಿತು. ಅದು ಸುಖವೇನಲ್ಲ, ಆದರೆ ಹೊತ್ತಿಗೆ ಸರಿಯಾಗಿ ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು.

ಅಂಗಡಿಗಳು ಮುಚ್ಚಿ ಹಲಗೆ ಮುಗಿದಾಗ ಫಾದರ್ ಚರ್ಚಿನ ಹಿಂದಿನ ನಾಲ್ಕು ಬೆಂಚುಗಳನ್ನು ಕೊಟ್ಟರು. ಹಳೇ ಬೆಂಚುಗಳು. ಕೂರುವ ಮೇಲ್ಭಾಗ ಮೂರು ತಲೆಮಾರಿನವರ ಬಟ್ಟೆ ಉಜ್ಜಿ ನುಣುಪಾಗಿತ್ತು, ಅಡಿಭಾಗದ ತುಂಬ ಸಿಬಿರು ಮತ್ತು ಮೊಳೆಯ ಗುರುತು. ಒಂದು ದಿನ ಮೂರು ಅಳತೆ ಒಟ್ಟಿಗೆ ಬಂದವು. ಸಂಜೆಯೊಳಗೆ ಮೂರೂ ಬೇಕು. ಕೊನೆಯದು ಐದೂಕಾಲಡಿ. ಹಲಗೆಯ ಒಳ್ಳೆಯ ಮುಖ ಹೊರಗೆ ಬರುವಂತೆ, ಒರಟು ಮುಖ ಒಳಗೆ ಹೋಗುವಂತೆ ಬಡಗಿ ಜೋಡಿಸಿದ. ಹಲಗೆ ಹಿಡಿದುಕೊಂಡಿದ್ದ ಹೆಂಡತಿ ಕೇಳಿದಳು.

"ರೀ, ಒಳಗಡೆ ಒಂದು ಸಲ ಕೀಸುಳಿ ಹಾಕಬಾರದಾ? ಕೈ ಇಟ್ರೆ ಚುಚ್ಚುತ್ತೆ."

"ಒಳಗಡೆ ಯಾರು ನೋಡ್ತಾರೆ? ಹಿಡ್ಕೋ ಸರಿಯಾಗಿ."

ಮಾರನೆಯ ಬೆಳಿಗ್ಗೆ ಗಂಟೆಮಾಮ ಗೇಟಿನ ಆಚೆ ನಿಂತು, ಒಳಗೆ ಬರದೆ, ಹೇಳಿದ. ಐದೂಕಾಲಡಿ ಅತ್ತಿಗೆಯದು. ಅಣ್ಣ ಪಟ್ಟಣದ ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿಕೊಂಡು ಮಲಗಿದ್ದ, ಅವನಿಗೆ ಇನ್ನೂ ತಿಳಿಸಿರಲಿಲ್ಲ. ಊರೆಲ್ಲ ಬಾಗಿಲು ಹಾಕಿ ಕೂತಿದ್ದ ದಿನಗಳು, ಇಬ್ಬರಿಗೂ ಕಾಯಿಲೆ ಎಂಬುದೇ ಬಡಗಿಗೆ ಗೊತ್ತಿರಲಿಲ್ಲ. ಮೈತುಂಬ ಪ್ಲಾಸ್ಟಿಕ್ ತೊಟ್ಟ ನಾಲ್ಕು ಜನ ಹಿಂದಿನ ಸಂಜೆಯೇ ಮಣ್ಣು ಮಾಡಿ ಹೋಗಿದ್ದರು. ಫಾದರ್ ದೂರದಲ್ಲಿ ನಿಂತು ಪ್ರಾರ್ಥನೆ ಓದಿದ್ದರು.

ಬಡಗಿ ಅಳಲಿಲ್ಲ. ತಿಂಡಿ ತಿಂದ, ಉಳಿ ಮಸೆದ. ಅವತ್ತಿನ ಎರಡು ಪೆಟ್ಟಿಗೆಗಳ ಒಳಭಾಗವನ್ನು ಮಾತ್ರ ಮಧ್ಯಾಹ್ನದವರೆಗೂ ಉಜ್ಜಿದ. ಹೆಂಡತಿ ಬಂದು ಮರದ ಹೊಟ್ಟು ಗುಡಿಸಿದಳು. ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಬೈದಿದ್ದರೆ ಅವನಿಗೇ ಸಮಾಧಾನವಾಗುತ್ತಿತ್ತೇನೋ.

ಅಣ್ಣ ಬದುಕಿ ಬಂದ. ಒಂದೇ ಬೀದಿ, ಮಧ್ಯೆ ಆರು ಮನೆ. ಹೋಗಿ ಮಾತಾಡಿಸಬಹುದಿತ್ತು. ಹನ್ನೊಂದು ವರ್ಷ ಕೂತು ತುಕ್ಕು ಹಿಡಿದ ಬಾಯಿ ಹೇಗೆ ತೆರೆಯುತ್ತದೆ? ತೆರೆದು ಹೇಳುವುದಾದರೂ ಏನನ್ನು? ಭಾನುವಾರ ಬರಲಿ, ಚರ್ಚು ತೆರೆಯಲಿ, ಕೈ ಹಿಡಿದರೆ ಅಣ್ಣನಿಗೆ ಎಲ್ಲ ಅರ್ಥವಾಗುತ್ತದೆ ಎಂದು ಬಡಗಿ ತಿಂಗಳುಗಟ್ಟಲೆ ಕಾದ.

ಕೊನೆಗೂ ಆ ಭಾನುವಾರ ಬಂತು. ಮನೆಗೊಬ್ಬರು, ಒಟ್ಟು ಐವತ್ತೇ ಜನ. ಬಾಗಿಲಲ್ಲಿ ಗಂಟೆಮಾಮ ಬಂದವರ ಹಣೆಗೆ ಜ್ವರ ನೋಡುವ ಯಂತ್ರ ಹಿಡಿದು ಪೊಲೀಸಿನವನ ಗತ್ತಿನಲ್ಲಿ ನಿಂತಿದ್ದ. ನಾಲ್ಕನೇ ಬೆಂಚಿನ ತುದಿಯಲ್ಲಿ ಅಣ್ಣ ಆಗಲೇ ಕೂತಿದ್ದ. ಕುತ್ತಿಗೆ ಸಣ್ಣಗಾಗಿ ಅಂಗಿಯ ಕಾಲರು ದೊಡ್ಡದಾಗಿತ್ತು. ನಡುವಿನ ಜಾಗಕ್ಕೆ ಹಳದಿ ಟೇಪು ಹಚ್ಚಿ "ಇಲ್ಲಿ ಕೂರಬಾರದು" ಎಂದು ಚೀಟಿ ಅಂಟಿಸಿದ್ದರು. ಬಡಗಿ ತನ್ನ ತುದಿಯಲ್ಲಿ ಕೂತ.

ಮಾಸ್ಕಿನೊಳಗಿಂದ ಹಾಡು ಸರಿಯಾಗಿ ಹೊರಗೆ ಬರಲಿಲ್ಲ. ಫಾದರ್ ತೀರಿಕೊಂಡವರ ಹೆಸರು ಓದಿದರು, ಮೂವತ್ತೇಳು ಹೆಸರು. ಸುತ್ತಲೂ ಜನ ಮೂಗೊರೆಸಿಕೊಳ್ಳುತ್ತಿದ್ದರೆ ಬಡಗಿಯ ತಲೆಯಲ್ಲಿ ಇದು ಆರಡಿ ಇರಬೇಕು, ಇದು ಐದೂವರೆ ಎಂದು ಓಡುತ್ತಿತ್ತು. ಅತ್ತಿಗೆಯ ಹೆಸರು ಬಂದಾಗಲೂ ಎದೆಯಲ್ಲಿ ಏನೂ ಆಗಲಿಲ್ಲ. ಐದೂಕಾಲು. ಅಷ್ಟೇ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು, ಅದೂ ಬಹಳ ಹೊತ್ತು ಉಳಿಯಲಿಲ್ಲ.

ಶಾಂತಿಯ ಹೊತ್ತು ಬಂತು. ಫಾದರ್ ಕೆಮ್ಮಿ ಹೇಳಿದರು. "ಯಾರೂ ಕೈ ಕೊಡಬೇಡಿ. ಇದ್ದಲ್ಲೇ ತಲೆಬಾಗಿ ಶಾಂತಿ ಹೇಳಿ ಸಾಕು."

ಇದು ಬಡಗಿಯ ಕನಸಿನಲ್ಲೂ ಬಂದಿರಲಿಲ್ಲ. ಅವನು ಪೆಚ್ಚಾಗಿ ನಿಂತ. ಆಗ ಟೇಪು ಹಚ್ಚಿದ ಜಾಗದ ಮೇಲೆ ಅಣ್ಣನ ಕೈ ಬಂತು. ಮುಖ ಮುಂದಕ್ಕೇ ಇತ್ತು, ಹಳೇ ರೂಢಿಯಲ್ಲಿ ಕೈ ಮಾತ್ರ ಚಾಚಿತ್ತು. ಬಡಗಿ ಆ ಕೈ ನೋಡಿದ, ಗಂಟೆಮಾಮನನ್ನು ನೋಡಿದ, ಫಾದರ್ ಹೇಳಿದ್ದು ನೆನೆದ. ಅವನ ಬಲಗೈ ಏಳುವಷ್ಟರಲ್ಲಿ ಅಣ್ಣನಿಗೂ ನೆನಪಾಗಿ ಕೈ ಹಿಂದಕ್ಕೆ ಹೋಯಿತು. ಪ್ಯಾಂಟಿಗೆ ಒರೆಸಿಕೊಂಡು ಅಣ್ಣ ತಲೆಬಾಗಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಪೂಜೆ ಮುಗಿದ ಮೇಲೆ ಅಣ್ಣ ಚರ್ಚಿನ ಹಿಂದಿನ ಸ್ಮಶಾನಕ್ಕೆ ನಡೆದ. ಬಡಗಿಯ ಕಾಲು ತಾನಾಗಿಯೇ ಹಿಂಬಾಲಿಸಿತು. ಹೊಸ ಸಮಾಧಿಗಳ ಸಾಲಿನಲ್ಲಿ ಏಳನೆಯದರ ಮುಂದೆ ಅಣ್ಣ ನಿಂತ. ತಿರುಗದೆಯೇ ಮಾತಾಡಿದ.

"ಪೆಟ್ಟಿಗೆ ನೀನೇ ಮಾಡಿದ್ದಂತೆ."

ಹನ್ನೊಂದು ವರ್ಷದ ಮೇಲೆ ಮೊದಲ ಮಾತು. ಬಡಗಿ "ಹೂಂ" ಅಂದ.

"ನಾನು ನೋಡ್ಲಿಲ್ಲ. ಯಾರೂ ನೋಡ್ಲಿಲ್ಲ." ಅಣ್ಣನ ದನಿ ನಿಂತು ನಿಂತು ಬರುತ್ತಿತ್ತು. "ಅವಳ ಬೆನ್ನು ನಿಂಗೆ ಗೊತ್ತಲ್ಲ. ಹಾಸಿಗೇಲಿ ಒಂದು ಸುಕ್ಕಿದ್ರೂ ಎದ್ದು ಕೊಡವಿ ಮಲಗೋಳು. ರಾತ್ರಿಯೆಲ್ಲ ನಂಗದೇ ಯೋಚನೆ. ಒಳಗಡೆ... ಒಳಗಡೆ ಚುಚ್ಚೋ ಹಾಗೇನೂ ಇರ್ಲಿಲ್ಲ ತಾನೇ?"

ಮೂವತ್ತು ವರ್ಷ ಮಕ್ಕಳ ತಪ್ಪು ಹುಡುಕಿ ಕೆಂಪು ಗೀಟು ಎಳೆದ ಕಣ್ಣು ಈಗ ತಿರುಗಿ ತಮ್ಮನ ಬಾಯನ್ನೇ ಬೇಡುತ್ತಾ ನೋಡುತ್ತಿತ್ತು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ.

"ಎರಡು ಸಲ ಕೀಸುಳಿ ಹಾಕ್ದೆ ಅಣ್ಣಾ. ಆಮೇಲೆ ಉಪ್ಪುಕಾಗದ ತಿಕ್ದೆ. ಕೈಯಲ್ಲಿ ಸವರಿ ಸವರಿ ನೋಡ್ದೆ. ನುಣ್ಣಗಿತ್ತು."

"ಅವಳಿಗೇ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

ಅಣ್ಣ ಎರಡೂ ಕೈಯಲ್ಲಿ ಅವನ ಕೈ ಹಿಡಿದುಕೊಂಡ. ಅಣ್ಣನ ಮಾಸ್ಕು ಕಣ್ಣೀರಿಗೆ ತೊಯ್ದು ಮೂಗಿಗೆ ಅಂಟಿತು. ಬಡಗಿಗೆ ಬೇಕಾಗಿದ್ದದ್ದು ಸಿಕ್ಕಿತ್ತು. ಅವನಿಗೆ ಏನೂ ಅನ್ನಿಸಲಿಲ್ಲ.

ಶನಿವಾರ ಪಾಪನಿವೇದನೆಗೆ ಹೋದ. ಈಗ ಅದೂ ಅಂಗಳದಲ್ಲಿ, ಎರಡು ಕುರ್ಚಿ, ಮಧ್ಯೆ ಎರಡು ಮಾರು ದೂರ. ಗುಟ್ಟಿನ ಪಾಪವನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಅವನು ಪೆಟ್ಟಿಗೆಯ ಕಥೆ ಹೇಳಿದ, ಅಣ್ಣನಿಗೆ ಹೇಳಿದ ಸುಳ್ಳನ್ನೂ ಒಪ್ಪಿಕೊಂಡ.

ಫಾದರ್ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ದೊಡ್ಡ ಪಾಪ ಅಲ್ಲಪ್ಪಾ ಇದು. ಇನ್ನು ಈ ಸುಳ್ಳು ಹೇಳಲ್ಲ ಅಂತ ದೇವರಿಗೊಂದು ಮಾತು ಕೊಡು, ಸಾಕು."

"ಅಣ್ಣ ಮತ್ತೆ ಕೇಳಿದ್ರೆ?"

"ಸುಮ್ಮನಿರು."

"ಸುಮ್ಮನಿದ್ರೆ ಅವನಿಗೆ ಗೊತ್ತಾಗುತ್ತೆ ಫಾದರ್. ಕೇಳಿದ್ರೆ ನಾನು ಹೇಳ್ತೀನಿ."

ಮಾತು ಕೊಡದೆ ಕ್ಷಮೆ ಇಲ್ಲ, ಕ್ಷಮೆ ಇಲ್ಲದೆ ಪರಮಪ್ರಸಾದ ಇಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಬಡಗಿ ಕೈಮುಗಿದು ಎದ್ದು ಬಂದ.

ಮರುದಿನ ಜನ ಒಬ್ಬರ ಹಿಂದೊಬ್ಬರು ಪರಮಪ್ರಸಾದಕ್ಕೆ ಎದ್ದು ಹೋದಾಗ ಅವನು ಬೆಂಚಿನಲ್ಲೇ ಉಳಿದ. ಇಡೀ ಚರ್ಚಿನಲ್ಲಿ ಕೂತಿದ್ದವನು ಅವನೊಬ್ಬನೇ. ತಿರುಗಿ ಬಂದ ಅಣ್ಣ ಅವನನ್ನು ನೋಡಿದ.

ಪೂಜೆ ಮುಗಿದು ಸಮಾಧಿಯ ಮುಂದೆ ನಿಂತಾಗ ಅಣ್ಣ ಕೇಳಿದ. "ಎರಡು ಸಲ ಅಂದೆ ಅಲ್ವಾ, ಕೀಸುಳಿ?"

"ಎರಡು ಸಲ ಅಣ್ಣಾ."

"ಉಪ್ಪುಕಾಗದಾನೂ."

"ಹೂಂ, ಅದೂ."

ಅಣ್ಣ ಅವನ ಕೈ ಹಿಡಿದ. ಆಗ ಬಡಗಿಯ ಕಣ್ಣು ತುಂಬಿತು. ಅತ್ತಿಗೆ ಹೋದಳು ಎಂದು ಅವನಿಗೆ ಅವತ್ತು ಗೊತ್ತಾಯಿತು.

"ಪ್ರಸಾದಕ್ಕೆ ಯಾಕೋ ಏಳ್ಲಿಲ್ಲ?" ಎಂದು ಅಣ್ಣ ಕೇಳಿದ.

"ಬೆಳಿಗ್ಗೆ ಮರೆತು ತಿಂಡಿ ತಿಂದ್ಬಿಟ್ಟೆ."

"ಇಷ್ಟು ವಯಸ್ಸಾದ್ರೂ ಬುದ್ಧಿ ಬರ್ಲಿಲ್ಲ ನಿಂಗೆ. ಬರೋ ವಾರ ಖಾಲಿ ಹೊಟ್ಟೇಲಿ ಬಾ, ಇಬ್ಬರೂ ಒಟ್ಟಿಗೆ ಹೋಗೋಣ" ಎಂದ ಅಣ್ಣ, ಕೈ ಬಿಡದೆ.

"ಆಯ್ತು ಅಣ್ಣಾ" ಅಂದ ಬಡಗಿ.