ಬಂಡೆ ಕಡೆಯ ಪದಗಳು

ತಾಳಮಲೆಯ ಪುಷ್ಪ ತನ್ನ ಜನರ ಕಾಡುಪದಗಳನ್ನು ಪುಸ್ತಕ ಮಾಡಲೆಂದು ಎರಡು ವರ್ಷದಿಂದ ಕೂಡಿಸುತ್ತಿದ್ದಳು. ಆರುನೂರ ಹನ್ನೆರಡು ಪದಗಳಾಗಿದ್ದವು. ಅದರಲ್ಲಿ ಅರ್ಧ ಹೇಳಿಕೊಟ್ಟವಳು ಅವಳ ತಾಯಿಯ ಅಕ್ಕ ಜಡೆಯಮ್ಮ. ಪುಸ್ತಕದ ಪುಟಗಳನ್ನು ಪುಷ್ಪ ತಾನೇ ಲೇಟೆಕ್‌ನಲ್ಲಿ ಜೋಡಿಸುತ್ತಿದ್ದಳು. ಪುಟ ಹೇಗಿರಬೇಕೆಂದು ಆಜ್ಞೆಗಳಲ್ಲಿ ಬರೆದರೆ ಹಾಗೇ ಕಟ್ಟಿಕೊಡುವ ತಂತ್ರಾಂಶ ಅದು. ಕೊನೆಯಲ್ಲಿ ಬರುವ ಪದಕೋಶವನ್ನು ಅದು ತನ್ನ ರೂಢಿಯಂತೆ ಅಕಾರಾದಿಯಾಗಿ ಇಳಿಸಿತ್ತು: ಪದ, ಅರ್ಥ, ಪುಟದ ಸಂಖ್ಯೆ.

ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಕೂತು ಅದನ್ನು ದೊಡ್ಡವ್ವನಿಗೆ ಓದಿ ಹೇಳಿದಳು. ಎರಡು ಪುಟ ಕೇಳುವಷ್ಟರಲ್ಲಿ ಜಡೆಯಮ್ಮ ಕೈ ಅಡ್ಡ ಹಿಡಿದಳು.

"ಅಣಬೆ, ಅಳಲೆಕಾಯಿ, ಅದರ ಇಂದೆ ಆನೆಲದ್ದಿ. ಕಾಡಲ್ಲಿ ಇವು ಇಂಗೆ ಸಾಲಾಗಿ ಸಿಕ್ತವಾ?"

"ಅಕ್ಷರದ ಪ್ರಕಾರ ಬತ್ತವೆ ದೊಡ್ಡವ್ವ."

"ನಂಗೆ ಅಕ್ಸರ ಗೊತ್ತಿಲ್ಲ ಕಣಮ್ಮಿ. ನಂಗೆ ನೆಪ್ಪಾಗೋದು ನಡೆಯೋ ದಾರಿ ಪ್ರಕಾರ. ಅಟ್ಟಿ ಬುಟ್ರೆ ಅಳ್ಳ, ಅಳ್ಳ ದಾಟುದ್ರೆ ಬಿದಿರುಮೆಳೆ, ಆಮೇಲೆ ಬಂಡೆ."

ಪದಕೋಶದ ವಿನ್ಯಾಸವನ್ನು ಬದಲಿಸಬಹುದೆಂದು ಪುಷ್ಪ ಓದಿದ್ದಳು, ಬದಲಿಸುವ ಅಗತ್ಯವೇ ಕಂಡಿರಲಿಲ್ಲ. ಯಾವ ಪದ ಯಾವ ಜಾಗದ್ದೆಂಬುದು ನೋಟುಬುಕ್ಕಿನಲ್ಲಿ ಇದ್ದೇ ಇತ್ತು. ಆಗಲೇ ಲ್ಯಾಪ್‌ಟಾಪ್ ತೆರೆದು ಪ್ರತಿ ಪದಕ್ಕೂ ಜಾಗದ ಗುರುತು ಹಾಕತೊಡಗಿದಳು. ಜಾಗಗಳಿಗೆ ದಾರಿಯಲ್ಲಿ ಬರುವಂತೆಯೇ ಒಂದು, ಎರಡು ಎಂದು ಸಂಖ್ಯೆ ಕೊಟ್ಟಳು.

ಮೂರು ದಿನ ಹಿಡಿಯಿತು. ಮೊದಲ ಸಲ ಪುಟವೇ ಮೂಡಲಿಲ್ಲ. ಎರಡನೆಯ ಸಲ ಎಲ್ಲ ಪದಗಳೂ ಹಳ್ಳದಲ್ಲೇ ಬಿದ್ದವು. ಮುದ್ದೆ ಆರಿಹೋದರೂ ಅವಳಿಗೆ ಗೊತ್ತಾಗಲಿಲ್ಲ. ಬುಧವಾರ ಮಧ್ಯಾಹ್ನ ಹಟ್ಟಿ, ಹಳ್ಳ, ಬಿದಿರುಮೆಳೆ, ಬಂಡೆ ಎಂಬ ತಲೆಬರಹಗಳು ಸರಿಯಾಗಿ ಮೂಡಿದವು. ಪದ ದಪ್ಪ ಅಕ್ಷರದಲ್ಲಿ, ಅರ್ಥ ಅದರ ಕೆಳಗೆ ತುಸು ಒಳಸರಿದು, ಬಲತುದಿಯಲ್ಲಿ ಪುಟಸಂಖ್ಯೆಯ ಬದಲು ಆ ಪದ ಹೇಳಿದವರ ಹೆಸರು. ಜಡೆಯಮ್ಮ, ಜಡೆಯಮ್ಮ, ಬೊಮ್ಮ, ಜಡೆಯಮ್ಮ. ಪುಷ್ಪ ಲ್ಯಾಪ್‌ಟಾಪ್ ಎತ್ತಿಕೊಂಡೇ ಜಗಲಿಗೆ ಓಡಿದಳು.

ಜಡೆಯಮ್ಮ ಕಣ್ಣು ಮುಚ್ಚಿ ಕೇಳಿದಳು. ಹಳ್ಳ ದಾಟಿತು, ಬಿದಿರುಮೆಳೆ ದಾಟಿತು. ಬಂಡೆಗೆ ಬಂದಾಗ ತಡೆದಳು.

"ಎಜ್ಜೇನು ಅಂದೆ, ಮಾಗಳಿಬೇರು ಅಂದೆ. ನಡುವೆ ಜೇನ್ಗರೆ ಯಾಕೆ ಬುಟ್ಟೆ?"

"ಜೇನ್ಗರೆ ಅಂದ್ರೆ?"

"ಜೇನು ಎದ್ದೋದ್ಮೇಲೆ ಬಂಡೇಲಿ ಉಳಿಯೋ ಕಪ್ಪು ಕರೆ. ಅದ ನೋಡಿ, ಬರೋ ವರ್ಸವೂ ಇಲ್ಲೇ ಕಟ್ತದೆ ಅಂತ ತಿಳ್ಕತೀವಿ."

"ಎರಡು ವರ್ಸ ಕೇಳ್ದೆ, ಒಂದಿನವೂ ನೀ ಏಳ್ನಿಲ್ವಲ್ಲ ದೊಡ್ಡವ್ವ."

"ನೀನು ಬಂಡೆ ತಾವ ನಿಂತ್ಕಂಡು ಕೇಳ್ನಿಲ್ಲ."

ಅಂದು ಸಂಜೆಯೊಳಗೆ ಮೂವತ್ತೊಂದು ಹೊಸ ಪದಗಳು ಬಂದವು. ಪುಷ್ಪಳ ಬೆರಳು ಜಡೆಯಮ್ಮನ ಮಾತಿನ ಹಿಂದೆ ಓಡಿ ಓಡಿ ಸೋತಿತು. ಅವಳು ತಾಳವಾಡಿಯ ಪ್ರೆಸ್ಸಿಗೆ ಫೋನ್ ಮಾಡಿ, ಅಚ್ಚು ಇನ್ನೊಂದು ತಿಂಗಳು ನಿಲ್ಲಲಿ ಎಂದಳು. ಪದಗಳ ದಾರಿಯಲ್ಲಿ ಅವರಿಬ್ಬರೂ ಬಂಡೆಯಾಚೆಯ ಕಣಿವೆಗೆ ಇನ್ನೂ ಇಳಿದೇ ಇರಲಿಲ್ಲ.