ಎಡಚನ ಬಾಗಿಲು

"ಲೇ ಎಡಚ, ಪಕ್ಕಕ್ಕೆ ಸಾಯೋ! ಫೋಟೋದಲ್ಲಿ ಬಂದ್ಬಿಡ್ತೀಯ!"

ಗ್ಯಾಲರಿಯ ಮ್ಯಾನೇಜರ್ ಹೀಗೆ ಕೂಗಿದಾಗ ನಾನು ಏಣಿಯ ಮೇಲಿದ್ದೆ. ಅಲ್ಲಿ ಸಾಯುವಷ್ಟು ಪಕ್ಕ ಇರಲಿಲ್ಲ. ಇಳಿದು ಗೋಡೆಗೆ ಬೆನ್ನು ಕೊಟ್ಟು ನಿಂತೆ. ಕ್ಯಾಮೆರಾದವನು ತೆಗೆಯುತ್ತಿದ್ದದ್ದು ನನ್ನ ಬಾಮೈದನ ಫೋಟೋದ ಫೋಟೋ. ಆಳೆತ್ತರ. ಮುಂದೆ ಬ್ರಷ್ ಹಿಡಿದ ಬಲಗೈ, ಹಿಂದೆ ಲಾಟರಿ ಹೊಡೆದವನ ನಗು. ಅದರ ಪಕ್ಕದಲ್ಲಿ, ದೀಪದ ಕೆಳಗೆ, ಬಾಗಿಲು.

ಬಾಗಿಲು ನಮ್ಮ ಸಾಮಾನಿನ ಕೋಣೆಯದು. ಇಲ್ಲಿ ಪ್ರತಿ ಪ್ರದರ್ಶನಕ್ಕೂ ಗೋಡೆಗೆ ಹೊಸ ಬಣ್ಣ: ಒಮ್ಮೆ ಬೂದಿ, ಒಮ್ಮೆ ಹಳದಿ, ಒಮ್ಮೆ ಯಾರದೋ ತಲೆಗೆ ಹೊಳೆದ ಬದನೆಕಾಯಿ ಬಣ್ಣ. ಬ್ರಷ್ ಹೆಚ್ಚು ಕುಡಿದರೆ ಗೋಡೆಯ ಮೇಲೆ ಕಕ್ಕುತ್ತದೆ. ಅದಕ್ಕೇ ಮೊದಲು ಬಾಗಿಲಿನ ಒಳಮೈಗೆ ಒಮ್ಮೆ ಒರೆಸಿಕೊಳ್ಳುತ್ತೇನೆ. ಹದಿನಾಲ್ಕು ವರ್ಷ ಒರೆಸಿದ್ದೇನೆ. ಬಾಮೈದ ಕೆಲಸಕ್ಕೆ ಸೇರಿ ಎರಡು ವರ್ಷ. ಅವನು ಡಬ್ಬಿಯ ಅಂಚಿಗೇ ಒರೆಸುತ್ತಾನೆ, ಸೋಮಾರಿ.

ನನಗೆ ಜ್ವರ ಬಂದ ದಿನ, ಈ ಸಲದ ಪ್ರದರ್ಶನದ ಕಲಾವಿದೆ ಮೇಡಂ ಆ ಬಾಗಿಲು ಕಂಡು ಎದೆಯ ಮೇಲೆ ಕೈಯಿಟ್ಟುಕೊಂಡರಂತೆ. "ಇದು ಯಾರ ಕೈ?" ಎಂದರಂತೆ. "ನಮ್ಮದೇ ಮೇಡಂ" ಎಂದನಂತೆ ಬಾಮೈದ, ಬೋಳಿಮಗ. ಮರುದಿನವೇ ಬಾಗಿಲು ಕಿತ್ತರು. ಈಗ ಅಲ್ಲೊಂದು ಚಾದರ ನೇತಾಡುತ್ತದೆ. ನಾವು ಪ್ಯಾಂಟು ಬದಲಿಸುವಾಗ ಫ್ಯಾನ್ ಹಾಕುವ ಹಾಗಿಲ್ಲ.

ಪ್ರದರ್ಶನದ ಹೆಸರು ‘ನಾನೆಂದರೆ ನಾನು’. ಬಾಗಿಲ ಕೆಳಗೆ ಮೇಡಂ ಹೆಸರು. ಫೋಟೋದ ಕೆಳಗೆ ‘ಹೆಸರಿಲ್ಲದ ಕೈ’. ಹೆಸರಿಲ್ಲದ ಕೈಗೆ ಮುಖವಂತೂ ಇತ್ತು. ಪತ್ರಿಕೆಯಲ್ಲಿ ಬಂದ ಆ ಮುಖವನ್ನು ನನ್ನ ಹೆಂಡತಿ ಕತ್ತರಿಸಿ, ನಾನು ಬಳಿದ ಗೋಡೆಗೇ ಅಂಟಿಸಿದ್ದಾಳೆ.

"ಸ್ವಂತ ಬಾಮೈದನ ಮೇಲೂ ಹೊಟ್ಟೆಕಿಚ್ಚೇನ್ರೀ?"

"ಕಿಚ್ಚಲ್ಲ ಕಣೇ, ಹುಳಿತೇಗು."

ಇವತ್ತು ಉದ್ಘಾಟನೆ. ದೀಪ ಕಟ್ಟುವವರ ಏಣಿ ತಾಗಿ ಬಾಗಿಲ ಪಕ್ಕದ ಬಿಳಿ ಗೋಡೆಯಲ್ಲಿ ಉದ್ದಕ್ಕೊಂದು ಗೀರು ಬಿದ್ದಿತ್ತು. ಅದನ್ನು ಮುಚ್ಚಲು ನನ್ನನ್ನು ಕರೆಸಿದ್ದರು. ಬಾಮೈದ ಅತಿಥಿ. ಆದರೂ ಅಭ್ಯಾಸಬಲ, ಬಂದು ಡಬ್ಬಿ ಹಿಡಿದ.

"ಭಾವ, ಫೋಟೋದಲ್ಲಿ ಮೂಗು ಸ್ವಲ್ಪ ದಪ್ಪ ಬಂದಿದೆ ಅಲ್ವಾ?"

"ಅದು ಮೂಗಲ್ಲ, ಕೊಬ್ಬು."

"ನಾನೇನು ‘ನನ್ನದು’ ಅಂದ್ನಾ? ‘ನಮ್ಮದು’ ಅಂದೆ."

"ನಮ್ಮದು ಅಂದ್ರೆ ಎಷ್ಟು ಜನನೋ? ಆ ಫೋಟೋದಲ್ಲಿ ಎಣಿಸಿ ಹೇಳು."

ಅವನು ಡಬ್ಬಿಯ ಬಣ್ಣ ಕದಡತೊಡಗಿದ. ನಾನು ನೇರ ಮೇಡಂ ಬಳಿ ಹೋದೆ.

"ಮೇಡಂ, ಆ ಬಾಗಿಲ ಗೀರೆಲ್ಲ ಎಡಗಡೆಯಿಂದ ಬಲಕ್ಕೆ ಇಳಿದಿವೆ. ಎಡಗೈಯವನು ಒರೆಸಿದ್ರೆ ಮಾತ್ರ ಹಾಗೆ ಬರೋದು. ಫೋಟೋದಲ್ಲಿರೋದು ಬಲಗೈ. ಇದು ನನ್ನ ಕೈ."

ಮೇಡಂ ಕಣ್ಣು ತೇವವಾಯಿತು. ನನ್ನ ಹೆಗಲ ಮೇಲೆ ಕೈಯಿಡಲು ಬಂದವರು ಅಂಗಿಯ ಬಣ್ಣ ನೋಡಿ ಗಾಳಿಯಲ್ಲೇ ಇಟ್ಟರು.

"ಎಷ್ಟು ಚೆನ್ನಾಗಿ ಹೇಳಿದ್ರಿ! ಆದ್ರೆ ಯಾರ ಕೈ ಅನ್ನೋದು ಇಲ್ಲಿ ಮುಖ್ಯ ಅಲ್ಲ."

"ಮತ್ತೆ ಕೆಳಗೆ ನಿಮ್ಮ ಹೆಸರಿದೆ?"

ಮ್ಯಾನೇಜರ್ ನನ್ನ ಕಾಲರ್ ಹಿಡಿದು ಎಳೆದ. "ದರಿದ್ರ ನನ್ಮಗನೇ, ಗೋಡೆ ಬಳಿಯೋನಿಗೆ ಹೆಸರು ಬೇರೆ ಕೇಡು! ಗೀರು ಮುಚ್ಚಿ ತೊಲಗು, ಜನ ಬರ್ತಿದ್ದಾರೆ."

ಗೀರು ಮುಚ್ಚು ಎಂದ. ಯಾವ ಗೀರು ಎಂದು ಹೇಳಲಿಲ್ಲ.

ನಾಲ್ಕಿಂಚಿನ ಬ್ರಷ್ ಪೂರ್ತಿ ಅದ್ದಿದೆ. ಎಲ್ಲೂ ಒರೆಸಿಕೊಳ್ಳಲಿಲ್ಲ. ಬಾಗಿಲ ನೆತ್ತಿಯಿಂದ ಶುರುಮಾಡಿ ಕೆಳಗಿನವರೆಗೆ ಎಳೆದೆ. ಹಳದಿ ಹೋಯಿತು, ಬೂದಿ ಹೋಯಿತು. ಬದನೆಕಾಯಿ ಸ್ವಲ್ಪ ಹಟ ಮಾಡಿ ಹೋಯಿತು. ಗ್ಯಾಲರಿಯ ಹೊಸ್ತಿಲಲ್ಲಿ ಜನ ನಿಂತಿದ್ದರು, ನೋಡುವುದೋ ಕೂಗುವುದೋ ತಿಳಿಯದೆ.

"ಭಾವ! ನಿಮ್ಮ ಕೈಯೇ ಹೋಯ್ತಲ್ಲ!"

"ಹೋಗಲಿ. ಈಗ ಯಾವುದರ ಪಕ್ಕ ನಿಂತು ನಗ್ತೀಯೋ ನಗು."

ಮ್ಯಾನೇಜರ್ ಒದ್ದೆ ಬಟ್ಟೆ ಹಿಡಿದು ಓಡಿಬಂದ. ಈಗಲೇ ಒರೆಸಿದರೆ ಬಿಳಿ ಬಣ್ಣ ಬಂದುಬಿಡುತ್ತದೆ, ಅದು ಅವನಿಗೂ ಗೊತ್ತು. ಬಾಮೈದ ತನ್ನ ಫೋಟೋದ ಕಡೆ ನೋಡಿದ, ನನ್ನ ಕಡೆ ನೋಡಿದ. ಡಬ್ಬಿ ನೆಲಕ್ಕಿಟ್ಟು ಮಧ್ಯೆ ಬಂದು ಕೈ ಅಗಲಿಸಿ ನಿಂತ.

"ಮುಟ್ಟಬೇಡಿ ಸಾರ್. ಹಸಿ ಇದೆ."

ಮ್ಯಾನೇಜರ್ ತಳ್ಳಿದ ರಭಸಕ್ಕೆ, ಉದ್ಘಾಟನೆಗೆಂದು ಮೇಡಂ ಕೊಡಿಸಿದ್ದ ಅವನ ಕಪ್ಪು ಅಂಗಿಯ ಬೆನ್ನು ಬಾಗಿಲಿಗೆ ಅಂಟಿತು. ಬಣ್ಣದ ಮೊದಲ ಕೋಟು ಹಾಳು. ಅವನು ಅಲ್ಲಿಂದ ಕದಲಲಿಲ್ಲ.

ನಾನು ಮತ್ತೆ ಬ್ರಷ್ ಅದ್ದಿದೆ.